ಗೇಲಿಕ್ ಜಾಗದ ಹೆಸರುಗಳ ದಾಖಲೆ: ಹಳೆ ನಕ್ಷೆಯೋ, ಧ್ವನಿಮುದ್ರಣವೋ, ಡಿಜಿಟಲ್ ನಕ್ಷೆಯೋ?

ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಪ್ಯಾರಿಷ್‌ಗಳಲ್ಲಿ (ಒಂದೊಂದು ಚರ್ಚಿಗೆ ಸೇರಿದ ಊರುಗಳ ವಲಯ) ಬೆಟ್ಟ, ಸರೋವರ, ಬಂಡೆ, ಬೇಸಿಗೆಯಲ್ಲಿ ದನ ಮೇಯಿಸುವವರ ಗುಡಿಸಲು, ಎಲ್ಲದಕ್ಕೂ ಅಲ್ಲಿನ ಭಾಷೆಯಾದ ಗೇಲಿಕ್‌ನಲ್ಲಿ ಹೆಸರಿದೆ. ಅವನ್ನು ದಾಖಲಿಸಲು ಯಾವ ದಾರಿ?

ಖರ್ಚು ನೋಡಿದರೆ ಹಳೆ ನಕ್ಷೆ ಹಗುರ. ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್‌ನನ್ಸ್ ಸರ್ವೆಯ 19ನೇ ಶತಮಾನದ, ಒಂದು ಮೈಲಿಗೆ ಆರು ಇಂಚಿನ ಅಳತೆಯ ನಕ್ಷೆಗಳನ್ನು ಸ್ಕಾಟ್ಲೆಂಡ್ ರಾಷ್ಟ್ರೀಯ ಗ್ರಂಥಾಲಯದ ಜಾಲತಾಣದಲ್ಲಿ ಪುಕ್ಕಟೆ ನೋಡಬಹುದು. ಹಿರಿಯರ ಮುಂದೆ ಹರಡಿದರೆ ಮಾತು ತಾನೇ ಶುರುವಾಗುತ್ತದೆ. ಆದರೆ ಅಲ್ಲಿನ ಕಾಗುಣಿತವನ್ನು ಕಣ್ಣುಮುಚ್ಚಿ ನಂಬಬೇಡಿ. ಎಷ್ಟೋ ಸಣ್ಣ ಹೆಸರುಗಳು ನಕ್ಷೆಗೆ ಬಂದೇ ಇಲ್ಲ.

ಉಚ್ಚಾರಣೆ ಉಳಿಯಬೇಕೆಂದರೆ ಧ್ವನಿಮುದ್ರಣಕ್ಕೆ ಸಾಟಿಯಿಲ್ಲ. ಒಂದು ಮೊಬೈಲ್ ಸಾಕು. ಯಾರು ಅಲ್ಲಿ ದನ ಮೇಯಿಸಿದರು, ಎಲ್ಲಿ ಕಾಲು ಹೂತುಹೋಗುತ್ತದೆ ಎಂಬ ಕತೆಗಳೂ ಹೆಸರಿನ ಜೊತೆ ಬರುತ್ತವೆ. ನನಗೆ ಇದೇ ಎಲ್ಲಕ್ಕಿಂತ ಅಮೂಲ್ಯ. ಕಷ್ಟವೆಂದರೆ ಕೇಳಿ ಬರೆಯುವುದು: ಗೇಲಿಕ್ ಚೆನ್ನಾಗಿ ಬಲ್ಲವರು ಬೇಕು, ಸಮಯವೂ ಜಾಸ್ತಿ. ಹೇಳಿದ ಜಾಗ ಯಾವುದೆಂದು ಬೇರೆಯಾಗಿ ಗುರುತು ಮಾಡಬೇಕು.

ಮೂರನೆಯದು ಡಿಜಿಟಲ್ ನಕ್ಷೆ. ಜನರೇ ಸೇರಿ ಕಟ್ಟುವ ಉಚಿತ ಆನ್‌ಲೈನ್ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಜಾಗದ ಗುರುತಿನ ಜೊತೆಗೇ ಗೇಲಿಕ್ ಹೆಸರನ್ನೂ ಸೇರಿಸಬಹುದು. ಅಲ್ಲಿ ಯಾರು ಬೇಕಾದರೂ ತಿದ್ದಬಹುದು, ನೆನಪಿರಲಿ.

ಹೆಸರು ಬಲ್ಲವರು 80 ದಾಟಿದ್ದರೆ ಧ್ವನಿಮುದ್ರಣವೇ ಮೊದಲು, ಈ ವಾರವೇ. ಹೇಳುವವರೇ ಉಳಿದಿಲ್ಲದ ಕಡೆ ಹಳೆ ನಕ್ಷೆ ಮತ್ತು ಸರ್ವೆಯವರು ಜಾಗದ ಹೆಸರುಗಳನ್ನು ಬರೆದಿಟ್ಟ ಪುಸ್ತಕಗಳು. ದಾಖಲೆ ಆಗಲೇ ಇದ್ದು, ಚಾರಣಿಗರಿಗೂ ಶಾಲೆ ಮಕ್ಕಳಿಗೂ ತಲುಪಬೇಕಿದ್ದರೆ ಡಿಜಿಟಲ್ ನಕ್ಷೆ.