ಬೂತಾಯಿ, ಮೊಟ್ಟೆ, ಹುರುಳಿ: ಎಂಟು ವಾರದ ಪದಾರ್ಥದ ಲೆಕ್ಕ

ನಮ್ಮ ಉಡುಪಿ ಕಡೆ ಮಧ್ಯಾಹ್ನ ಯಾರಾದರೂ ಫೋನ್ ಮಾಡಿದರೆ "ಊಟ ಆಯ್ತಾ" ಆದ ಮೇಲೆ ಬರುವ ಪ್ರಶ್ನೆ ಒಂದೇ: "ಎಂತ ಪದಾರ್ಥ?" ಪದಾರ್ಥ ಅಂದರೆ ಅನ್ನದ ಜೊತೆಗೆ ಮಾಡುವ ಸಾರು, ಪಲ್ಯ, ಮೀನು ಇಂಥದ್ದು. ಅನ್ನ ಹೇಗೂ ಕುಚ್ಚಲಕ್ಕಿಯದ್ದು, ಅದರಲ್ಲಿ ಕೇಳುವುದು ಏನಿಲ್ಲ. ಮನೆಖರ್ಚು ಏರುವುದು, ಇಳಿಯುವುದು ಎರಡೂ ಪದಾರ್ಥದಲ್ಲೇ.

ಕಳೆದ ವರ್ಷ ನಮ್ಮವರಿಗೆ ಸಿಗುತ್ತಿದ್ದ ಓವರ್‌ಟೈಮ್ ನಿಂತಿತು. ಉಡುಪಿಯ ಕಿನ್ನಿಮೂಲ್ಕಿಯಲ್ಲಿ ಬಾಡಿಗೆ ಮನೆ, ನಾಲ್ಕು ಜನ: ನಾವಿಬ್ಬರು, ನನ್ನ ಅಮ್ಮ, ಒಂಬತ್ತು ವರ್ಷದ ಮಗ. ಬಾಡಿಗೆ, ಅಕ್ಕಿ, ಹಾಲು ಇವನ್ನು ಮುಟ್ಟುವ ಹಾಗಿಲ್ಲ. ಉಳಿದದ್ದು ಪದಾರ್ಥ. ಅದಕ್ಕೆ ತಿಂಗಳಿಗೆ ಹತ್ತಿರ ಹತ್ತಿರ 3,600 ರೂಪಾಯಿ ಹೋಗುತ್ತಿತ್ತು. ಎಲ್ಲಿ ಹೋಗುತ್ತಿದೆ ಅಂತ ಗೊತ್ತಿರಲಿಲ್ಲ ಅಷ್ಟೇ.

ಹಾಗಾಗಿ ಒಂದು ಪ್ರಯೋಗ ಮಾಡಿದೆ. ಎರಡು ವಾರ ಹೆಚ್ಚಾಗಿ ಬೂತಾಯಿ ಮೀನು, ಎರಡು ವಾರ ಮೊಟ್ಟೆ, ಎರಡು ವಾರ ಕಾಳು, ಕೊನೆಯ ಎರಡು ವಾರ ಮೂರನ್ನೂ ಸೇರಿಸಿ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್‌ನಲ್ಲೇ ದಿನಾ ಬರೆದಿಟ್ಟೆ. ಎಷ್ಟು ಖರ್ಚಾಯಿತು, ಎಷ್ಟು ಹೊತ್ತಿನ ಊಟಕ್ಕೆ ಬಂತು, ಯಾರ ತಟ್ಟೆಯಲ್ಲಿ ಉಳಿಯಿತು.

ಬೂತಾಯಿಯಲ್ಲಿ ಮೊದಲ ವಾರವೇ ಜಾಣತನ ತೋರಿಸಲು ಹೋಗಿ ಕೆಟ್ಟೆ. ಓಣಿಗೆ ಬುಟ್ಟಿ ಹೊತ್ತು ಬರುವ ಮೀನಿನಮ್ಮ ಕಿಲೋಗೆ 160 ಹೇಳುತ್ತಿದ್ದರು. ಮಲ್ಪೆ ಬಂದರಿನಲ್ಲಿ 100 ಅಂತ ಯಾರೋ ಹೇಳಿದರು. ಭಾನುವಾರ ಸ್ಕೂಟರ್ ತೆಗೆದುಕೊಂಡು ಹೋದೆವು, ಮೂರು ಕಿಲೋ ತಂದೆವು. ಮೊದಲ ದಿನ ಪುಳಿಮುಂಚಿ, ಅಂದರೆ ಹುಳಿ ಖಾರದ ಮೀನಿನ ಸಾರು, ಎಲ್ಲರೂ ಖುಷಿ. ಎರಡನೇ ದಿನ ಫ್ರೈ. ಮೂರನೇ ದಿನ ತೆಂಗಿನಕಾಯಿ ಅರೆದು ಹಾಕುವ ಗಸಿ, ಮಗ ಮೂಗು ಮುಚ್ಚಿಕೊಂಡ. ಬೂತಾಯಿ ಎಣ್ಣೆ ಜಾಸ್ತಿ ಇರುವ ಮೀನು, ನಮ್ಮ ಸಣ್ಣ ಫ್ರಿಡ್ಜ್‌ನಲ್ಲಿ ಅದರ ರುಚಿ ಬೇಗ ಕೆಡುತ್ತದೆ. ಕೊನೆಗೆ ಒಂದು ಕಿಲೋ ಪಕ್ಕದ ಮನೆಗೂ ಬೆಕ್ಕಿಗೂ ಹೋಯಿತು. ಮೀನಿಗೆ 300, ಪೆಟ್ರೋಲ್‌ಗೆ 30, ನಾವು ತಿಂದದ್ದು ಎರಡು ಕಿಲೋ. ತಿಂದ ಕಿಲೋಗೆ 165 ಬಿತ್ತು! ಮೀನಿನಮ್ಮನಿಗೆ ಇದನ್ನು ಹೇಳಿದೆ. "ಅರ್ಧ ಕಿಲೋ ತಕ್ಕೋ ಮಗಾ, ನಾಳೆಯೂ ಬರ್ತೇನಲ್ಲ ನಾನು" ಅಂದರು.

ಆಮೇಲೆ ಅರ್ಧ ಕಿಲೋ ಮಾತ್ರ. ತಲೆ, ಹೊಟ್ಟೆ ತೆಗೆದು ತೂಗಿ ನೋಡಿದೆ, 310 ಗ್ರಾಂ ಉಳಿಯಿತು. ಮಣ್ಣಿನ ಪಾತ್ರೆಯಲ್ಲಿ ಬ್ಯಾಡಗಿ ಮೆಣಸು, ಹುಣಸೆಹುಳಿ, ಬೆಳ್ಳುಳ್ಳಿ, ಚಿಟಿಕೆ ಓಮ ಅರೆದು ಹಾಕಿ ಪುಳಿಮುಂಚಿ ಮಾಡಿದರೆ ಮಸಾಲೆ ಸೇರಿ 95 ರೂಪಾಯಿ. ಮಧ್ಯಾಹ್ನಕ್ಕೆ ಆಗಿ, ರಾತ್ರಿ ಗಂಜಿಗೂ ಆಗುತ್ತದೆ. ಉಳಿದ ಚೂರು ರಸ ಮರುದಿನ ಬೆಳಗ್ಗೆ ನೀರುದೋಸೆಗೆ. ಅದರ ರುಚಿ ಗೊತ್ತಿದ್ದವರಿಗೆ ಗೊತ್ತು. ಒಂದೇ ತಕರಾರು, ಪುಳಿಮುಂಚಿ ಇದ್ದ ದಿನ ಒಂದು ಕುಡ್ತೆ ಅಕ್ಕಿ ಜಾಸ್ತಿ ಹಾಕಬೇಕು.

ಅದೇ ಮೀನನ್ನು ಫ್ರೈ ಮಾಡಿದರೆ ಲೆಕ್ಕವೇ ಬೇರೆ. ಮೀನು ಕಾಯಿಸಲು ಅಮ್ಮನಿಗೆ ತೆಂಗಿನೆಣ್ಣೆಯೇ ಆಗಬೇಕು. ಅದು ಲೀಟರಿಗೆ 400 ದಾಟಿದ ಮೇಲೆ ಕಾವಲಿಯಲ್ಲಿ ಮೀನಿಗಿಂತ ಎಣ್ಣೆಯನ್ನೇ ನೋಡುತ್ತಾ ನಿಂತಿರುತ್ತೇನೆ. ಎರಡು ವಾರಕ್ಕೆ ಒಟ್ಟು 1,490 ಆಯಿತು.

ಮೊಟ್ಟೆಯ ಎರಡು ವಾರ ಆರಾಮ. ಒಂದಕ್ಕೆ 7 ರೂಪಾಯಿ, ತೊಳೆಯುವ ಕಷ್ಟ ಇಲ್ಲ, ಒಂದೂ ಹಾಳಾಗಲಿಲ್ಲ. ನಾಲ್ಕು ಮೊಟ್ಟೆ, ಒಂದು ನೀರುಳ್ಳಿ, ಹಸಿಮೆಣಸು ಹಾಕಿದ ಆಮ್ಲೆಟ್ 35 ರೂಪಾಯಿಯಲ್ಲಿ ಮುಗಿಯುತ್ತದೆ, ಜೊತೆಗೆ ತಿಳಿ ಸಾರು. ಆದರೂ ಒಟ್ಟು ಲೆಕ್ಕ 1,240 ಬಂತು. ಇಷ್ಟು ಯಾಕೆ ಅಂತ ಕ್ಯಾಲೆಂಡರ್ ಹಿಡಿದು ಕೂತೆ. ಮೊಟ್ಟೆ ಗಸಿ ಮಾಡಿದ ದಿನಗಳಲ್ಲೇ ಖರ್ಚು ಹಾರಿತ್ತು. ಆರು ಮೊಟ್ಟೆಗೆ 42, ನೀರುಳ್ಳಿ ಟೊಮೆಟೊಗೆ 15, ಅದರ ಮೇಲೆ ಒಂದು ಇಡೀ ತೆಂಗಿನಕಾಯಿ.

ಕಾಯಿ! ಆಗ ಕಿಲೋಗೆ 65 ಇತ್ತು, ಮಧ್ಯಮ ಗಾತ್ರದ ಒಂದು ಕಾಯಿಗೆ 37, 38 ಬೀಳುತ್ತಿತ್ತು. ಅಂದರೆ ಗಸಿಯಲ್ಲಿ ಹತ್ತಿರ ಹತ್ತಿರ ಮೊಟ್ಟೆಯಷ್ಟೇ ದುಡ್ಡು ಕಾಯಿಗೂ. ಹಳೆಯ ಚೀಟಿಗಳನ್ನು ಹುಡುಕಿ ನೋಡಿದೆ. ವಾರಕ್ಕೆ ಆರೇಳು ಕಾಯಿ, ತಿಂಗಳಿಗೆ ಸುಮಾರು ಸಾವಿರ ರೂಪಾಯಿ. ನಾವು ಮೀನಿಗೆ ಕೊಡುತ್ತಿದ್ದದ್ದೇ ಅಷ್ಟಿರಲಿಲ್ಲ. ಊರಿನ ಮನೆಯಲ್ಲಿ ಹಿತ್ತಲಿನ ಕಾಯಿ, ಯಾರೂ ಲೆಕ್ಕ ಇಡುವುದಿಲ್ಲ. ಪೇಟೆಗೆ ಬಂದ ಮೇಲೂ ಅದೇ ಕೈ. ಅಮ್ಮನಿಗೆ ಇದನ್ನು ಹೇಳಿದಾಗ "ಕಾಯಿ ಇಲ್ಲದ್ದೂ ಒಂದು ಪದಾರ್ಥವಾ?" ಅಂತ ಕೇಳಿದರು. ಪುಳಿಮುಂಚಿಯಲ್ಲಿ ಕಾಯಿ ಇಲ್ಲ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ಬೇರೆ" ಅಂದರು.

ಅಲ್ಲಿಂದ ಮುಂದೆ ನಾನು ಮೀನಾ ಮೊಟ್ಟೆಯಾ ಕಾಳಾ ಅಂತ ನೋಡುವುದನ್ನು ಬಿಟ್ಟು, ಯಾವುದು ಎಷ್ಟು ಕಾಯಿ ಕೇಳುತ್ತದೆ ಅಂತ ನೋಡತೊಡಗಿದೆ.

ಕಾಳಿನ ಸರದಿ ಬಂದಾಗ ಹೆಸರುಕಾಳಿನ ಗಸಿ ಮೊದಲು ಮಾಡಿದೆ. 200 ಗ್ರಾಂ ಕಾಳಿಗೆ 25, ಅರ್ಧ ಕಾಯಿ, ಒಗ್ಗರಣೆ, 55ರ ಒಳಗೆ. ಪರವಾಗಿಲ್ಲ. ನಿಜವಾಗಿ ಗೆದ್ದದ್ದು ಹುರುಳಿ. ಮೊದಲ ದಿನ ನೆನೆಹಾಕಲು ಮರೆತು ಹಾಗೇ ಕುಕ್ಕರ್‌ಗೆ ಹಾಕಿದ್ದೆ. ಹದಿನಾಲ್ಕು ಸೀಟಿ ಆದರೂ ಕಲ್ಲಿನ ಹಾಗೆ ಇತ್ತು, ಗ್ಯಾಸ್ ದಂಡ. ರಾತ್ರಿಯೇ ನೆನೆಹಾಕಿದರೆ ಏಳೆಂಟು ಸೀಟಿಗೆ ಬೆರಳಲ್ಲಿ ಒತ್ತಿದರೆ ಹಿಸುಕುವಷ್ಟು ಬೇಯುತ್ತದೆ. ಬೆಂದ ನೀರನ್ನು ಬಸಿದರೆ ಕಂದು ಬಣ್ಣದ ದಪ್ಪ ಕಟ್ಟು. ಒಂದು ಮುಷ್ಟಿ ಬೆಂದ ಕಾಳನ್ನು ಅರೆದು ಅದಕ್ಕೇ ಸೇರಿಸಿ, ಹುಳಿ ಉಪ್ಪು ಹಾಕಿ ಕುದಿಸಿ, ಜಜ್ಜಿದ ಬೆಳ್ಳುಳ್ಳಿ ಕೆಂಪಾಗುವ ತನಕ ಹುರಿದು ಒಗ್ಗರಣೆ ಕೊಟ್ಟರೆ ಸಾರು. ಉಳಿದ ಕಾಳಿಗೆ ಮೆಣಸು, ಚೂರು ಬೆಲ್ಲ, ಮೇಲೆ ಉದುರಿಸಲು ಒಂದು ಹಿಡಿ ಕಾಯಿತುರಿ ಹಾಕಿದರೆ ಪಲ್ಯ. ಒಂದು ಸಲ ಬೇಯಿಸಿದ್ದಕ್ಕೆ ಎರಡು ಪದಾರ್ಥ. 250 ಗ್ರಾಂ ಹುರುಳಿಗೆ 25, ಉಳಿದದ್ದು 10, 12.

ಸತ್ವದ ಲೆಕ್ಕದಲ್ಲೂ ಹುರುಳಿ ಸಣ್ಣದಲ್ಲ. 100 ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್, ಒಂದು ಮೊಟ್ಟೆಯಲ್ಲಿ ಸುಮಾರು 6, ಬೂತಾಯಿಯ 100 ಗ್ರಾಂ ಮಾಂಸದಲ್ಲಿ ಸುಮಾರು 20. ನಾನು ಕೊಟ್ಟ ರೇಟಿನಲ್ಲಿ 100 ರೂಪಾಯಿಗೆ ಹುರುಳಿಯಿಂದ 220 ಗ್ರಾಂ, ಮೊಟ್ಟೆಯಿಂದ 85ರ ಹತ್ತಿರ, ಬೂತಾಯಿಯಿಂದ ಮುಳ್ಳು ಬಿಟ್ಟು 70ರ ಆಸುಪಾಸು. ಕಾಳಿನ ಪ್ರೋಟೀನ್‌ನಲ್ಲಿ ಕಡಿಮೆ ಇರುವುದನ್ನು ಅನ್ನ ತುಂಬಿಸುತ್ತದೆ, ಹಾಗಾಗಿ ಗಂಜಿಗೆ ಹುರುಳಿ ಒಳ್ಳೆಯ ಜೋಡಿ. ಹಾಗಂತ ಬೂತಾಯಿ ಬಿಡಲು ಆಗುವುದಿಲ್ಲ. ಅದರ ಒಮೆಗಾ 3 ಕೊಬ್ಬು, ವಿಟಮಿನ್ ಡಿ, ಬಿ12 ಕಾಳಿನಲ್ಲಿ ಹುಡುಕಿದರೆ ಸಿಗುವುದಿಲ್ಲ.

ಕಾಳಿನ ಎರಡು ವಾರಕ್ಕೆ ಆದದ್ದು 860. ಎಲ್ಲಕ್ಕಿಂತ ಕಡಿಮೆ. ನಾನು ಹೆಮ್ಮೆಯಿಂದ ಅದಕ್ಕೆ ವೃತ್ತ ಹಾಕಿಟ್ಟಿದ್ದೆ. ಆಮೇಲೆ ಗೊತ್ತಾಯಿತು, ನಮ್ಮವರು ಬುತ್ತಿಯನ್ನು ಜೊತೆಯವರಿಗೆ ಕೊಟ್ಟು ಮೂರು ಸಲ ಹೋಟೆಲಿನಲ್ಲಿ ಮೀನೂಟ ಮಾಡಿದ್ದರು. ಒಂದಕ್ಕೆ 120. ಸೇರಿಸಿದರೆ 1,220! ಬೈಯಲು ಮನಸ್ಸಾಗಲಿಲ್ಲ, ಹನ್ನೊಂದನೇ ದಿನ ನನಗೂ ಹಾಗೇ ಅನಿಸಿತ್ತು. ಮೇಲೆ ಅಮ್ಮನದು ಇನ್ನೊಂದು, ಹುರುಳಿ ಉಷ್ಣವಂತೆ, ಮಾರ್ಚ್ ಸೆಕೆಯಲ್ಲಿ ವಾರಕ್ಕೆ ಎರಡು ಸಲಕ್ಕಿಂತ ಜಾಸ್ತಿ ಬೇಡ, ಹುರುಳಿ ಇದ್ದ ದಿನ ಮಜ್ಜಿಗೆ ಬೇಕೇ ಬೇಕು.

ಸೋಯಾ ಚಂಕ್ಸ್ ಕೂಡ ನೋಡಿದೆ. ಪ್ರೋಟೀನ್ ಅದರಲ್ಲೇ ಎಲ್ಲಕ್ಕಿಂತ ಜಾಸ್ತಿ, ಅರ್ಧಕ್ಕರ್ಧ. ಮಗ ಅದನ್ನು ಸ್ಪಂಜು ಅಂದ, ಅಲ್ಲಿಗೆ ಮುಗಿಯಿತು. ಕೋಳಿ ತಿಂಗಳಿಗೆ ಒಂದು ಭಾನುವಾರ, ಸುಕ್ಕಕ್ಕೆ ಕಾಯಿ ಹಾಕುವಾಗ ನಾನು ಅಡುಗೆಮನೆಗೆ ಹೋಗುವುದಿಲ್ಲ.

ತರಕಾರಿಯಲ್ಲಿ ಹೆಚ್ಚು ಯೋಚಿಸಲಿಲ್ಲ. ಘಟ್ಟದ ಮೇಲಿಂದ ಬರುವ ಬೀನ್ಸ್, ಹೂಕೋಸು ಬಿಟ್ಟೆ. ಮಂಗಳೂರು ಸೌತೆ, ಬಸಳೆ, ಹರಿವೆ, ಅಲಸಂಡೆ ಸಾಕು. ಸೌತೆ ಅಂತೂ ಹಗ್ಗದಲ್ಲಿ ಕಟ್ಟಿ ಮಾಡಿಗೆ ತೂಗಿಸಿದರೆ ತಿಂಗಳುಗಟ್ಟಲೆ ಹಾಳಾಗುವುದಿಲ್ಲ, ಫ್ರಿಡ್ಜ್ ಬೇಡ.

ಕೊನೆಯ ಎರಡು ವಾರ ಮೂರನ್ನೂ ಸೇರಿಸಿದ್ದು. ವಾರಕ್ಕೆ ಎರಡು ದಿನ ಹುರುಳಿ, ಎರಡು ದಿನ ಅರ್ಧರ್ಧ ಕಿಲೋ ಬೂತಾಯಿ, ಅದೂ ಪುಳಿಮುಂಚಿಯೇ, ಒಂದು ದಿನ ಆಮ್ಲೆಟ್, ಉಳಿದದ್ದು ಸೌತೆ, ಹೆಸರುಕಾಳು ಅಂತ ಏನಾದರೂ. ವಾರಕ್ಕೆ ಮೂರೇ ಕಾಯಿ. ಒಟ್ಟು 1,150. ಹೋಟೆಲಿಗೆ ಯಾರೂ ಹೋಗಲಿಲ್ಲ, ಹೋಗಿದ್ದರೂ ನನಗೆ ಹೇಳಲಿಲ್ಲ. ಕಾಳಿನ ವಾರಗಳಿಗಿಂತ ಕಾಗದದಲ್ಲಿ ಜಾಸ್ತಿ ಕಾಣುತ್ತದೆ, ಆದರೆ ಇವತ್ತಿಗೂ ನಮ್ಮ ಮನೆಯಲ್ಲಿ ನಡೆಯುತ್ತಿರುವುದು ಇದೇ.

ಮಳೆಗಾಲದ ಮೀನುಗಾರಿಕೆ ನಿಷೇಧದಿಂದಾಗಿ ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ನಾಡದೋಣಿಯ ಮೀನು, ಹೊರಗಿಂದ ಬರುವ ಐಸಿನ ಮೀನು ಸಿಕ್ಕಿದರೂ ರೇಟು ನಮ್ಮ ಕೈಗೆ ಸಿಗುವುದಿಲ್ಲ. ಅದಕ್ಕೇ ಮೇ ಕೊನೆಯೊಳಗೆ ಒಣ ಸಿಗಡಿ, ಒಣ ನಂಗು ಮೀನು ತಂದು ಡಬ್ಬಿ ತುಂಬಿಸಿದೆ. ಹುರಿದ ಒಣ ಸಿಗಡಿ ಒಂದು ಮುಷ್ಟಿ ಇದ್ದರೆ ನಾಲ್ಕು ಜನರ ಗಂಜಿಗೆ ಚಟ್ನಿ ಆಗುತ್ತದೆ. ಅದಕ್ಕೆ ಅರ್ಧ ಕಾಯಿ ಬೇಕು. ಕಾಲು ಹಾಕಿ ನೋಡುವಾ ಅಂದಿದ್ದೇನೆ, ಅಮ್ಮ ಇನ್ನೂ ಒಪ್ಪಿಲ್ಲ.