ನಾಯಿಯ ಚರ್ಮದಡಿ ಗಂಟು: ಪರೀಕ್ಷೆಗೆ ಮುನ್ನ ಸ್ಟೀರಾಯ್ಡ್ ಬೇಡ

ನಾಯಿಯ ಪಕ್ಕೆಯಲ್ಲೋ ಬೆನ್ನಿನ ಮೇಲೋ ಚರ್ಮದಡಿ ಗಂಟೊಂದು ಎದ್ದು, ಒಡೆದು, ಮಾಗಿದಂತೆ ಮಾಡಿ ಮತ್ತೆ ಅದರ ಆಸುಪಾಸಿನಲ್ಲೇ ಏಳುತ್ತಿದ್ದರೆ, ಅದನ್ನು ಬರೀ ಕುರು ಎಂದು ಬಿಟ್ಟುಬಿಡಬೇಡಿ. ಚರ್ಮದ ಕೆಳಗಿನ ಕೊಬ್ಬಿನ ಪದರಕ್ಕೆ ಉರಿಯೂತ ತಗಲುವ ಪ್ಯಾನಿಕ್ಯುಲೈಟಿಸ್ ಎಂಬ ಕಾಯಿಲೆಯೂ ಹೀಗೆಯೇ ಕಾಣಿಸಿಕೊಳ್ಳುತ್ತದೆ. ನಮ್ಮ ಮನೆಯ ನಾಟಿ ನಾಯಿ ಅದರಿಂದ ತಿಂಗಳುಗಟ್ಟಲೆ ನರಳಿತು.

ಮೊದಲು ತೋರಿಸಿದ ಖಾಸಗಿ ಕ್ಲಿನಿಕ್ಕಿನಲ್ಲಿ ಗಂಟನ್ನು ಕೊಯ್ದು ಹಿಂಡಿದರು. ಹೊರಬಂದದ್ದು ಗಟ್ಟಿ ಕೀವಲ್ಲ. ಅಲ್ಲಲ್ಲಿ ರಕ್ತದ ಎಳೆಯಿದ್ದ, ಹಳದಿ ಮಿಶ್ರಿತ ಕಂದು ಬಣ್ಣದ ಜಿಡ್ಡು ದ್ರವ. ಒರೆಸಿದ ಬಟ್ಟೆಯ ಮೇಲೆ ಎಣ್ಣೆ ಕಲೆ ಉಳಿಯಿತು. ಕೊಬ್ಬಿನ ಕೋಶಗಳು ನಾಶವಾದಾಗ ಇಂಥ ದ್ರವ ಬರುತ್ತದೆ. ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಗೋಜಿಗೇ ಹೋಗದೆ ಆಂಟಿಬಯೋಟಿಕ್ ಬರೆದರು, ಗುಣವಾಗದಿದ್ದಾಗ ಬೇರೊಂದನ್ನು ಬರೆದರು, ಅದೂ ನಾಟದಿದ್ದಾಗ ಅಲರ್ಜಿ ಇರಬೇಕೆಂದು ಸ್ಟೀರಾಯ್ಡ್ ಚುಚ್ಚಿದರು. ಗಂಟುಗಳು ಇಳಿದವು, ನಾಯಿ ಗಬಗಬನೆ ಉಣ್ಣತೊಡಗಿತು, ಮನೆಯವರೆಲ್ಲ ನಿರಾಳರಾದರು. ಹಸಿವು ಹೆಚ್ಚಿಸುವುದು ಸ್ಟೀರಾಯ್ಡಿನ ಗುಣವೇ ಹೊರತು ಚೇತರಿಕೆಯ ಲಕ್ಷಣವಲ್ಲ. ಸ್ವಲ್ಪ ಕಾಲದಲ್ಲೇ ಜ್ವರ ಏರಿ, ಪಕ್ಕೆಯುದ್ದಕ್ಕೂ ಹೊಸ ಗಂಟುಗಳೆದ್ದು, ಒಡೆದ ರಂಧ್ರಗಳಿಂದ ದ್ರವ ನಿಲ್ಲದೆ ಸೋರತೊಡಗಿತು.

ಬೇರೆ ವೈದ್ಯರು ಬಯಾಪ್ಸಿ, ಅಂದರೆ ಗಂಟಿನ ತುಂಡು ತೆಗೆದು ಪರೀಕ್ಷೆ, ಮಾಡಿಸಿದಾಗ ತಿಳಿದದ್ದು, ಇದು ಮೈಕೋಬ್ಯಾಕ್ಟೀರಿಯಾದ ಸೋಂಕೆಂದು. ಮಣ್ಣು ನೀರಿನಲ್ಲಿ ಬದುಕುವ ಈ ಜಾತಿಯ ಸೂಕ್ಷ್ಮಾಣುಗಳು ಗಾಯದ ಮೂಲಕ ಒಳಸೇರಿ ಕೊಬ್ಬಿನಲ್ಲಿ ಬೇರೂರುತ್ತವೆ, ಸಾಮಾನ್ಯ ಆಂಟಿಬಯೋಟಿಕ್‌ಗಳಿಗೆ ಅನೇಕ ಸಲ ಜಗ್ಗುವುದಿಲ್ಲ. ಅಂಥ ಸೋಂಕಿರುವಾಗ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಸ್ಟೀರಾಯ್ಡ್ ಕೊಡುವುದೆಂದರೆ ಕಳ್ಳನಿಗೆ ಬೀಗದ ಕೈ ಕೊಟ್ಟ ಹಾಗೆ.

ಹಾಗೆಂದು ಸ್ಟೀರಾಯ್ಡ್ ಕೆಟ್ಟ ಔಷಧವಲ್ಲ. ಸೋಂಕಿಲ್ಲದೆ ಬರುವ ಪ್ಯಾನಿಕ್ಯುಲೈಟಿಸ್ ಕೂಡ ಇದೆ. ಡ್ಯಾಷ್‌ಹಂಡ್ ತಳಿಯಲ್ಲಿ ಅದು ಹೆಚ್ಚು, ಮತ್ತು ಅದಕ್ಕೆ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡೇ ಮುಖ್ಯ ಮದ್ದು. ಕೆಲವು ನಾಯಿಗಳಲ್ಲಿ ಮೇದೋಜ್ಜೀರಕ ಗ್ರಂಥಿಯ ಕಾಯಿಲೆಯೂ ಕಾರಣವಾಗಿರುವುದರಿಂದ ರಕ್ತಪರೀಕ್ಷೆಯೂ ಬೇಕಾಗುತ್ತದೆ. ಆದರೆ ಹೊರನೋಟಕ್ಕೆ ಇವೆಲ್ಲ ಒಂದೇ ತೆರನಾಗಿರುವಾಗ, ಸೋಂಕಿಲ್ಲವೆಂದು ಖಚಿತವಾಗುವ ಮುನ್ನ ಸ್ಟೀರಾಯ್ಡಿಗೆ ಒಪ್ಪಬೇಡಿ.

ಪರೀಕ್ಷೆಗೆ ಮಾದರಿ ತೆಗೆಯುವಾಗಲೂ ಎಡವಟ್ಟಾಗುವುದುಂಟು. ಸೋರುವ ಹುಣ್ಣಿನ ಮೇಲ್ಮೈಯಿಂದ ಹತ್ತಿಯಲ್ಲಿ ಒರೆಸಿ ಕಳಿಸಿದರೆ ಚರ್ಮದ ಮೇಲಿನ ಸಾಮಾನ್ಯ ಸೂಕ್ಷ್ಮಾಣುಗಳೇ ಬೆಳೆದು ದಾರಿ ತಪ್ಪಿಸುತ್ತವೆ. ಇನ್ನೂ ಒಡೆಯದ ಗಂಟನ್ನು ಆಳದ ಕೊಬ್ಬಿನ ಸಮೇತ ತೆಗೆಸಬೇಕು. ಅದರ ಒಂದು ಭಾಗ ತುಂಡು ಕೆಡದಂತೆ ಕಾಯುವ ಫಾರ್ಮಲಿನ್ ದ್ರಾವಣಕ್ಕೆ, ಇನ್ನೊಂದು ಭಾಗ ಫಾರ್ಮಲಿನ್ ಸೋಕದಂತೆ ಕ್ರಿಮಿರಹಿತ ಡಬ್ಬಿಯಲ್ಲಿ ಕಲ್ಚರ್‌ಗೆ, ಅಂದರೆ ಸೂಕ್ಷ್ಮಾಣುಗಳನ್ನು ಬೆಳೆಸಿ ಗುರುತಿಸುವ ಪರೀಕ್ಷೆಗೆ, ಹೋಗಬೇಕು. ಇಡೀ ತುಂಡು ಫಾರ್ಮಲಿನ್‌ಗೆ ಬಿದ್ದರೆ ಸೂಕ್ಷ್ಮಾಣುಗಳು ಸತ್ತು ಕಲ್ಚರ್ ಮಾಡಲಾಗದು. ಸಾಮಾನ್ಯ ಬ್ಯಾಕ್ಟೀರಿಯಾ, ಶಿಲೀಂಧ್ರ, ಮೈಕೋಬ್ಯಾಕ್ಟೀರಿಯಾ ಮೂರನ್ನೂ ಹುಡುಕಲು ಪ್ರಯೋಗಾಲಯಕ್ಕೆ ಕಳಿಸುವ ಚೀಟಿಯಲ್ಲೇ ಬರೆಸಿಕೊಳ್ಳಿ.

ನಮ್ಮ ನಾಯಿಗೆ ಈಗ ಕಲ್ಚರ್ ವರದಿಯ ಪ್ರಕಾರ ಔಷಧ ನಡೆಯುತ್ತಿದೆ. ಗಂಟುಗಳು ಮಾಯವಾದ ಮೇಲೂ ಅದನ್ನು ಮುಂದುವರಿಸಬೇಕಂತೆ. ಹಳೆಯ ಕ್ಲಿನಿಕ್ಕಿನ ಚೀಟಿಯಲ್ಲಿ "ಇಂಜೆಕ್ಷನ್ ಕೊಟ್ಟಿದೆ" ಎಂದಷ್ಟೇ ಇದ್ದುದರಿಂದ, ಯಾವ ಸ್ಟೀರಾಯ್ಡ್ ಎಷ್ಟು ಪ್ರಮಾಣದಲ್ಲಿ ಮೈಸೇರಿದೆಯೆಂದು ಹೊಸ ವೈದ್ಯರು ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ಚುಚ್ಚುವ ಮೊದಲೇ ಔಷಧದ ಹೆಸರನ್ನೂ ಪ್ರಮಾಣವನ್ನೂ ಬರೆಸಿಕೊಳ್ಳಿ. ಬರೆದುಕೊಡಲು ಹಿಂಜರಿಯುವ ಕಡೆ ಚಿಕಿತ್ಸೆಯನ್ನು ಮುಂದುವರಿಸಬೇಡಿ.