ಸೊಂಟಕ್ಕೆ ಬೆಲ್ಟ್, ಬೆಲ್ಟಿಗೆ ನಾಯಿ: ಎರಡು ಮಳೆಗಾಲ ಬಳಸಿದ ಮೇಲೆ

ನಾಯಿ ಜೊತೆ ಓಡುವವರಿಗೆ ಅಂತಲೇ ಸಿಗುವ ಕಿಟ್ ಇದು. ಸೊಂಟಕ್ಕೆ ಕಟ್ಟುವ ಅಗಲದ ಬೆಲ್ಟ್, ಎಳೆದರೆ ಹಿಗ್ಗುವ ಹಗ್ಗ, ನಾಯಿ ಮೈಗೆ ಹಾಕುವ ಹಾರ್ನೆಸ್. ಬಾಗಲಕೋಟೆಯ ನವನಗರದಲ್ಲಿ ನಾನು ಮತ್ತು ನಮ್ಮ ಮನೆಯವರು ಒಂದೊಂದು ಸೆಟ್ ತಗೊಂಡು ಎರಡು ಮಳೆಗಾಲ ದಾಟಿದವು. ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಬೆಲ್ಟ್ ಕಣ್ಣು ಮುಚ್ಚಿ ತಗೊಳ್ಳಿ. ಹಗ್ಗ ವರ್ಷಕ್ಕೊಮ್ಮೆ ಬದಲಾಯಿಸಬೇಕು. ಹಾರ್ನೆಸ್ ಮಾತ್ರ, ನಿಮ್ಮದು ಮುಧೋಳ ನಾಯಿ ಆಗಿದ್ದರೆ, ದುಡ್ಡು ದಂಡ.

ನಮ್ಮ ಮನೆಯಲ್ಲಿ ಎರಡು ನಾಯಿ. ಚಿಗರಿ ಮುಧೋಳ ತಳಿ, ಹೆಣ್ಣು. ಮುಧೋಳ ತಾಲ್ಲೂಕಿನ ಒಬ್ಬ ರೈತರ ಮನೆಯಿಂದ ತಂದಿದ್ದು. ಗುಂಡ ನಮ್ಮ ಸೆಕ್ಟರಿನ ಬೀದಿ ನಾಯಿ, ತಾನೇ ಬಂದು ಸೇರಿಕೊಂಡವನು. ಚಿಗರಿ ದೊಡ್ಡವಳಾದ ಮೇಲೆ ವಾಕಿಂಗ್ ಸಾಲದಾಯಿತು. ಸಂಜೆ ಟೆರೇಸ್ ಮೇಲೆ ಈ ಗೋಡೆಯಿಂದ ಆ ಗೋಡೆಗೆ ಓಡಿ ಕುಂಡಗಳನ್ನೆಲ್ಲ ಉರುಳಿಸುತ್ತಿದ್ದಳು. ನಮ್ಮ ಮನೆಯವರು ಮೊಬೈಲಿನಲ್ಲಿ ಹುಡುಕಿ ಈ ಕ್ಯಾನಿಕ್ರಾಸ್ ಅನ್ನೋದನ್ನು ಕಂಡುಹಿಡಿದರು. ಯುರೋಪಿನಲ್ಲಿ ಹಿಮದ ಮೇಲೆ ಗಾಡಿ ಎಳೆಯುವ ನಾಯಿಗಳಿಗೆ ಹಿಮ ಇಲ್ಲದ ದಿನಗಳಲ್ಲೂ ಅಭ್ಯಾಸ ಬೇಕು ಅಂತ ಮಾಲೀಕರು ಅವುಗಳ ಜೊತೆ ತಾವೇ ಓಡುತ್ತಿದ್ದರಂತೆ, ಅದೇ ಈಗ ಒಂದು ಆಟ. ಹಿಮದ ಆಟವನ್ನು ಎರೆ ಭೂಮಿಗೆ ತರೋದು ಅಂದರೆ ಸ್ವಲ್ಪ ತಮಾಷೆನೇ, ಅಲ್ವಾ? ಓಣಿಯ ಅಜ್ಜ ಒಬ್ಬರು ಮೊದಲ ದಿನವೇ ಕೇಳಿದರು: "ಯವ್ವಾ, ನೀವು ನಾಯಿ ಓಡಸಾಕತ್ತೀರೋ, ನಾಯಿ ನಿಮ್ಮನ್ನ ಓಡಸಾಕತ್ತೈತೋ?"

ಬೆಲ್ಟಿನ ವಿಷಯಕ್ಕೆ ಬರುತ್ತೇನೆ. ಒಂದು ಗೇಣು ಅಗಲ ಇದೆ, ಒಳಗೆ ಮೆತ್ತನೆಯ ಜಾಳಿಗೆ. ಎರಡು ಪಟ್ಟಿ ತೊಡೆಯ ಕೆಳಗಿಂದ ಬರುತ್ತವೆ. ಶುರುವಿನಲ್ಲಿ ಇವು ಯಾಕಪ್ಪಾ ಅನಿಸುತ್ತೆ. ಅವು ಇಲ್ಲದಿದ್ದರೆ ನಾಯಿ ಎಳೆದಾಗ ಬೆಲ್ಟ್ ಮೇಲೇರಿ ನಡುಬೆನ್ನಿಗೆ ಭಾರ ಬೀಳುತ್ತೆ. ಪಟ್ಟಿ ಇದ್ದರೆ ಎಳೆತ ಸೊಂಟದ ಎಲುಬಿನ ಮೇಲೇ ನಿಲ್ಲುತ್ತೆ. ಅಗ್ಗದ ಬೆಲ್ಟುಗಳಲ್ಲಿ ಈ ಪಟ್ಟಿ ಇರೋದಿಲ್ಲ, ನೋಡಿ ತಗೊಳ್ಳಿ. ಹೊಲಿಗೆ ಇನ್ನೂ ಒಂದು ಎಳೆ ಬಿಟ್ಟಿಲ್ಲ. ಬೆವರಿನ ವಾಸನೆಗೆ ವಾರಕ್ಕೊಮ್ಮೆ ಬಕೆಟಿನಲ್ಲಿ ಅದ್ದಿ ನೆರಳಿನಲ್ಲಿ ಹಾಕಿದರೆ ಸಾಕು.

ಹಗ್ಗದಲ್ಲಿ ಒಳಗೆ ರಬ್ಬರು, ಹೊರಗೆ ನೈಲಾನ್. ಮೊದಲ ವರ್ಷ ಚೆನ್ನಾಗಿತ್ತು. ಆಮೇಲೆ ರಬ್ಬರ್ ಸಡಿಲಾಗಿ ಸುಮ್ನೆ ಜೋತು ಬೀಳೋಕೆ ಶುರು, ಓಡುವಾಗ ನಾಯಿಯ ಕಾಲಿಗೆ ತೊಡರುತ್ತೆ. ಇನ್ನೊಂದು ತಕರಾರು ಕೊಕ್ಕೆಯದು. ಮಳೆಗಾಲದಲ್ಲಿ ಎರೆ ಮಣ್ಣು ಸ್ಪ್ರಿಂಗಿನೊಳಗೆ ಹೊಕ್ಕು ಒಣಗಿಬಿಟ್ಟರೆ ಕಲ್ಲಾಗುತ್ತೆ. ಬೆರಳಲ್ಲಿ ಒತ್ತಿದರೂ ತೆರೆಯೋದಿಲ್ಲ. ಓಡಿ ಬಂದ ತಕ್ಷಣ ಕೊಕ್ಕೆಗೆ ಒಂದು ಚೊಂಬು ನೀರು, ವಾರಕ್ಕೊಂದು ಹನಿ ಹೊಲಿಗೆ ಮಷಿನ್ ಎಣ್ಣೆ. ಇದನ್ನು ಕಂಪನಿಯ ಪುಸ್ತಕದಲ್ಲಿ ಬರೆದಿಲ್ಲ. ಎರೆ ಮಣ್ಣು ಅವರಿಗೆ ಗೊತ್ತಿಲ್ಲ ಅನಿಸುತ್ತೆ.

ಹಗ್ಗ ಯಾಕೆ ಹಿಗ್ಗಬೇಕು ಅನ್ನೋದು ನನಗೆ ತಿಳಿದಿದ್ದು ಒಂದು ಚಳಿಗಾಲದ ಬೆಳಿಗ್ಗೆ. ಕಡಲೆ ಹೊಲದ ಬದುವಿನಿಂದ ಮೊಲ ಎದ್ದಿತು. ಮುಧೋಳ ನಾಯಿ ಮೂಗಿನಿಂದ ಬೇಟೆ ಹುಡುಕುವ ಜಾತಿ ಅಲ್ಲ, ಕಣ್ಣಿನಿಂದ. ಅದು ನೋಡಿದ್ದೂ ಜಿಗಿದಿದ್ದೂ ಒಂದೇ ಗಳಿಗೆ. ಚಿಗರಿಯ ಕಿವಿ ಹಿಂದಕ್ಕೆ ಮಡಚಿತು, ಬೆನ್ನು ಬಿಲ್ಲಾಯಿತು, ಹಗ್ಗ ಪೂರ್ತಿ ಎಳೆದುಕೊಂಡು ನನ್ನ ಮುಂದಿನ ಹೆಜ್ಜೆ ಎಲ್ಲೋ ಬಿತ್ತು. ನಾನು ಬೀಳಲಿಲ್ಲ. ಕೈಯಲ್ಲಿ ಹಿಡಿಯುವ ಮಾಮೂಲಿ ಹಗ್ಗ ಆಗಿದ್ದರೆ ಭುಜ ಕಿತ್ತು ಬರುತ್ತಿತ್ತು. ಬೆಲ್ಟಿನ ಮೇಲೆ ಒಂದು ಕೆಂಪು ಲಾಡಿ ಇದೆ, ಎಳೆದರೆ ನಾಯಿ ಬೇರೆಯಾಗುತ್ತೆ. ಬಾವಿಯ ಅಂಚಿನಲ್ಲೋ ಲಾರಿ ಮುಂದೋ ಎಳೆದಾಗ ಅದು ಬೇಕು. ಮೊಲಕ್ಕೆ ಎಳೆಯಬಾರದು. ನಮ್ಮ ಜಿಲ್ಲೆಯಲ್ಲೇ ಚಿಂಕಾರ ಅನ್ನೋ ಹುಲ್ಲೆಗಳಿಗೆ ಅಂತ ಯಡಹಳ್ಳಿ ಚಿಂಕಾರ ವನ್ಯಜೀವಿಧಾಮ ಇದೆ, 2016ರಲ್ಲಿ ಘೋಷಣೆ ಆಗಿದ್ದು. ಮೊಲ ಇರಲಿ, ಚಿಂಕಾರ ಇರಲಿ, ನಾಯಿ ಬಿಟ್ಟು ಹಿಡಿಸಿದರೆ ಬೇಟೆಯೇ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. "ಮುಧೋಳ ನಾಯಿ ಐತಿ, ಬಿಟ್ಟು ತೋರಸ್ರಿ" ಅನ್ನುವವರು ದಾರಿಯಲ್ಲಿ ಈಗಲೂ ಸಿಗುತ್ತಾರೆ. ನಾವು ನಕ್ಕು ಮುಂದೆ ಹೋಗುತ್ತೇವೆ.

ಈಗ ಹಾರ್ನೆಸ್. ಗುಂಡನಿಗೆ ಹಾಕಿದ ದಿನವೇ ಸರಿಹೋಯಿತು. ಚಿಗರಿಗೆ ಆಗಲಿಲ್ಲ. ಮುಧೋಳ ನಾಯಿಯ ಎದೆ ಆಳ, ಸೊಂಟ ಒಂದು ಹಿಡಿ, ತಲೆ ಸಪೂರ. ಎದೆಗೆ ಸರಿಯಾದ ಅಳತೆ ತಗೊಂಡರೆ ಹಿಂದೆ ಸಡಿಲು. ಹಿಂದೆ ಬಿಗಿಯಾಗುವ ಅಳತೆ ತಗೊಂಡರೆ ಕಂಕುಳಲ್ಲಿ ಉಜ್ಜಿ ಕೂದಲು ಹೋಗುತ್ತೆ. ಇವರ ಕೂದಲೋ ಮೊದಲೇ ಗಿಡ್ಡ, ಕೆಳಗೆ ತೆಳು ಚರ್ಮ. ಮುಂದೆ ಎಳೆಯುವಾಗ ಏನೂ ತೊಂದರೆ ಇಲ್ಲ. ಹೆದರಿ ಹಿಂದಕ್ಕೆ ಸರಿದಳು ಅಂದರೆ, ಗಲೀಫಿನಿಂದ ದಿಂಬು ಜಾರಿದ ಹಾಗೆ ಪೂರ್ತಿ ಹೊರಗೆ. ದೀಪಾವಳಿ ಮಾರನೇ ದಿನ ಒಂದು ಪಟಾಕಿಗೆ ಹೀಗೇ ಆಯಿತು. ನಮ್ಮ ಮನೆಯವರು ಬರೀ ಹಾರ್ನೆಸ್ ಹಿಡಿದು ನಿಂತಿದ್ದರು, ಚಿಗರಿ ಮನೆ ಗೇಟಿಗೆ ಮುಟ್ಟಿದ್ದಳು. ಪುಣ್ಯಕ್ಕೆ ಮನೆ ಕಡೆಗೇ ಓಡಿದಳು.

ಮಾರಿದವರಿಗೆ ಫೋಟೋ ಸಮೇತ ಬರೆದೆವು. ಅಳತೆ ತಪ್ಪಿದೆ, ದೊಡ್ಡ ಸೈಜ್ ಕಳಿಸುತ್ತೇವೆ ಅಂದರು. ದೊಡ್ಡದು ಬಂತು, ಇನ್ನೂ ಸಡಿಲು. ಮತ್ತೆ ಬರೆದರೆ ಅದೇ ಉತ್ತರ, ಈ ಸಲ ಚಿಕ್ಕ ಸೈಜ್. ನನಗೆ ಸಿಟ್ಟು ಬಂದಿದ್ದು ಇಲ್ಲಿ. 2005ರಲ್ಲಿ ಅಂಚೆ ಇಲಾಖೆ ಈ ನಾಯಿಯ ಚಿತ್ರದ ಅಂಚೆಚೀಟಿ ತಂದಿದೆ. 2016ರಲ್ಲಿ ಸೇನೆಯವರು ತರಬೇತಿಗೆ ಅಂತ ಮರಿಗಳನ್ನು ಮೀರತ್‌ಗೆ ಒಯ್ದಿದ್ದಾರೆ. ಮುಧೋಳದ ತಿಮ್ಮಾಪುರದಲ್ಲಿ ಈ ತಳಿಗೆ ಅಂತ ಸಂಶೋಧನಾ ಕೇಂದ್ರವೇ ಇದೆ. ಇಷ್ಟೆಲ್ಲ ಇದ್ದೂ ಇದರ ಮೈಗೆ ಹೊಂದುವ ಒಂದು ಹಾರ್ನೆಸ್ ಅಂಗಡಿಯಲ್ಲಿ ಇಲ್ಲ. ಲ್ಯಾಬ್ರಡಾರ್ ಅಳತೆಗೆ ಹೊಲಿದು ಅದರ ಮೇಲೆ "ಎಲ್ಲ ತಳಿಗೂ" ಅಂತ ಬರೆಯುತ್ತಾರೆ.

ಕೊನೆಗೆ ದಾರಿ ತೋರಿಸಿದ್ದು ಬೈಕ್ ಸೀಟ್ ಕವರ್ ಹೊಲಿಯುವ ಅಂಗಡಿ. ಪಕ್ಕೆಲುಬು ಮುಗಿದು ಸೊಂಟ ಸಣ್ಣಗಾಗುವ ಜಾಗಕ್ಕೆ ಮೂರನೇ ಪಟ್ಟಿ ಹಾಕಿಸಿದೆವು, ಒಳಗಡೆ ಹತ್ತಿ ಬಟ್ಟೆಯ ಮಡಿಕೆ. 250 ರೂಪಾಯಿ. ಎದೆ ದಾಟಿ ಆ ಪಟ್ಟಿ ಮುಂದೆ ಬರೋದೇ ಇಲ್ಲ, ಹಾಗಾಗಿ ಹಿಂದಕ್ಕೆ ಸರಿದರೂ ಜಾರೋದಿಲ್ಲ. 1,600 ರೂಪಾಯಿಯ ಮಾಲಿಗೆ ಜೀವ ಬಂದಿದ್ದು ಆಗ.

ಊರಿನ ಬಗ್ಗೆ ಸ್ವಲ್ಪ ಹೇಳಬೇಕು, ಯಾಕೆಂದರೆ ಕಿಟ್ ವರ್ಷಪೂರ್ತಿ ಉಪಯೋಗಕ್ಕೆ ಬರೋದಿಲ್ಲ. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯ ಮನೆಗಳು ಹೋದಾಗ ಕಟ್ಟಿದ ಊರು ನವನಗರ. ರಸ್ತೆ ಅಗಲ, ಬೆಳಗಿನ ಜಾವ ಗಾಡಿ ಕಡಿಮೆ. ಓಡೋಕೆ ಹೇಳಿ ಮಾಡಿಸಿದ ಹಾಗಿದೆ. ಆದರೆ ಮಾರ್ಚ್‌ನಿಂದ ಬಿಸಿಲು ಏರಿ 40 ಡಿಗ್ರಿ ಮುಟ್ಟುತ್ತೆ. ನಾಯಿಗೆ ನಮ್ಮ ಹಾಗೆ ಮೈ ಬೆವರೋದಿಲ್ಲ, ನಾಲಿಗೆ ಚಾಚಿ ಏದುಸಿರು ಬಿಟ್ಟೇ ತಂಪಾಗಬೇಕು. ಡಾಂಬರಿನ ಮೇಲೆ ಅಂಗೈಯ ಹಿಂಭಾಗ ಏಳು ಸೆಕೆಂಡ್ ಇಡೋಕೆ ಆಗದಿದ್ದರೆ ನಾಯಿಯನ್ನು ಹೊರಗೆ ತರಬೇಡಿ. ಬೇಸಿಗೆಯಲ್ಲಿ ನಾವು ಆರೂವರೆಗೆ ಮನೆಯೊಳಗೆ. ಹಿನ್ನೀರು ಸರಿದ ಬಯಲು ಆಗ ಬಾ ಬಾ ಅನ್ನುತ್ತೆ, ಆದರೆ ರಾಜಹಂಸಗಳು ಬಂದು ಇಳಿಯೋದೂ ಅಲ್ಲೇ. ಅವು ಇರುವ ತನಕ ಆ ಕಡೆ ನಾಯಿ ಒಯ್ಯೋದಿಲ್ಲ. ಬಾದಾಮಿ ಗುಡ್ಡಕ್ಕೆ ಒಯ್ಯುವ ಆಸೆ ಇತ್ತು, ಮಂಗಗಳನ್ನು ನೆನೆಸಿಕೊಂಡು ಕೈಬಿಟ್ಟೆವು.

ಮುಳ್ಳಿನ ಕಾಟ ಬೇರೆ. ನೆಗ್ಗಿಲು, ಬಳ್ಳಾರಿ ಜಾಲಿ ಎರಡೂ ರಸ್ತೆ ಬದಿಗೇ. ಗುಂಡ ತಾನೇ ಹಲ್ಲಿನಿಂದ ಕಿತ್ತುಕೊಂಡು ಮತ್ತೆ ಓಡುತ್ತಾನೆ. ಚಿಗರಿ ಮೂರು ಕಾಲಲ್ಲಿ ನಿಂತು ನಮ್ಮ ಮನೆಯವರ ಮುಖ ನೋಡುತ್ತಾಳೆ. ರಾಣಿ ಅವಳು. ಮಳೆಗಾಲ ಮುಗಿದ ಮೇಲೆ ಉಣ್ಣೆ ಹುಳ ಜಾಸ್ತಿ, ಹಾರ್ನೆಸ್ ಪಟ್ಟಿಯ ಅಡಿಯಲ್ಲೇ ಹೋಗಿ ಕೂರುತ್ತವೆ. ದಿನಾ ಬಿಚ್ಚಿದ ಕೂಡಲೇ ಅಲ್ಲಿ ಬೆರಳಾಡಿಸಿ ನೋಡಿ. ಊಟ ಓಡಿ ಬಂದು ಒಂದು ತಾಸಿನ ಮೇಲೆ. ಆಳ ಎದೆಯ ನಾಯಿಗೆ ಹೊಟ್ಟೆ ತುಂಬಿಸಿ ಓಡಿಸಿದರೆ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಭಯ ಇದೆ, ಅದು ಜೀವಕ್ಕೇ ಅಪಾಯ. ಮರಿಗಳಿಗೆ ಈ ಕಿಟ್ ಬೇಡವೇ ಬೇಡ. ಎಲುಬು ಬಲಿಯಲಿ, ಒಂದೂವರೆ ವರ್ಷ ಆಗಲಿ, ಪಶುವೈದ್ಯರನ್ನು ಒಂದು ಮಾತು ಕೇಳಿ.

ಬೆನ್ನು ನೋವು ಇರುವವರು, ನಾಯಿ ಇನ್ನೂ ಮಾತು ಕೇಳದವರು ಬೆಲ್ಟಿಗೆ ಕೈ ಹಾಕಬೇಡಿ. "ನಿಲ್ಲು" ಅಂದರೆ ನಿಲ್ಲುವುದನ್ನು ಮೊದಲು ಕಲಿಸಿ. ಎರಡು ನಾಯಿಯನ್ನು ಒಬ್ಬರೇ ಕಟ್ಟಿಕೊಳ್ಳಬಹುದು ಅಂತ ಪೆಟ್ಟಿಗೆಯ ಮೇಲೆ ಚಿತ್ರ ಹಾಕಿದ್ದಾರೆ, ನಂಬಬೇಡಿ. ಮುಧೋಳ ನಾಯಿ ಇರುವವರು ಹಾರ್ನೆಸ್ ಹೊಲಿಸೋಕೆ ಹೋಗುವಾಗ ಚೀಟಿಯಲ್ಲಿ ಅಳತೆ ಬರೆದುಕೊಂಡು ಹೋದರೆ ಆಗೋದಿಲ್ಲ. ನಾಯಿಯನ್ನೇ ಕರೆದುಕೊಂಡು ಹೋಗಿ, ನಿಲ್ಲಿಸಿ, ಕುತ್ತಿಗೆ, ಎದೆ, ಸೊಂಟ ಮೂರೂ ಹಿಡಿಯಿರಿ. ನೀವೇ ಹಿಡಿಯಬೇಕು ಮತ್ತೆ. ನಮ್ಮ ಸೀಟ್ ಅಂಗಡಿಯವರು ಚಿಗರಿ ಬಂದರೆ ಇವತ್ತಿಗೂ ಮಷಿನಿನ ಆ ಕಡೆಯಿಂದ ಏಳೋದಿಲ್ಲ, ಟೇಪ್ ಎಸೆಯುತ್ತಾರೆ ಅಷ್ಟೇ.